ಆರನೇ ನಿಮಿಷದ ಸಂಶಯ

ನನ್ನ ತರಗತಿಯಲ್ಲಿ ಅರ್ಧ ಹೊತ್ತು ನಾನು ಮಾತಾಡುತ್ತೇನೆ, ಉಳಿದರ್ಧ ಮಕ್ಕಳು ಮಾತಾಡುತ್ತಾರೆ ಎಂದು ಹದಿನಾಲ್ಕು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಸುಳ್ಳು ಹೇಳುತ್ತಿದ್ದೆ ಎಂದು ಈಗಲೂ ಅನ್ನಿಸುವುದಿಲ್ಲ. ನನಗೆ ಹಾಗೆಯೇ ನೆನಪಿತ್ತು. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. ‘ಇಂದು ಕ್ಲಾಸಿನಲ್ಲಿ ಒಳ್ಳೆಯ ಚರ್ಚೆ’ ಎಂದು ಎಷ್ಟೋ ಕಡೆ ಬರೆದಿದ್ದೇನೆ. ಯಾರು ಚರ್ಚಿಸಿದರು, ಅವರು ಎಂತ ಹೇಳಿದರು ಎಂಬುದು ಒಂದು ಕಡೆಯೂ ಇಲ್ಲ. ನಾನು ಎಂತ ಹೇಳಿದೆ ಎಂಬುದು ಮಾತ್ರ ವಿವರವಾಗಿ ಉಂಟು.

ಹಾಗಾಗಿ ಇಲ್ಲಿ ಬರೆಯುವುದನ್ನೂ ಸ್ವಲ್ಪ ಎಚ್ಚರದಿಂದಲೇ ಓದಬೇಕು. ಎಲ್ಲಿ ನನಗೇ ಅನುಮಾನ ಬರುತ್ತದೋ ಅಲ್ಲಿ ಹೇಳುತ್ತೇನೆ.

ಮಣಿಪಾಲದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಮನೆ ಕಾಪುವಿನಲ್ಲಿ. ದಿನಾ ಒಂದು ಬಸ್ಸಿನಲ್ಲಿ ಉಡುಪಿಗೆ ಬಂದು, ಇನ್ನೊಂದು ಬಸ್ಸಿನಲ್ಲಿ ಏರು ಹತ್ತುತ್ತೇನೆ. ಎರಡನೇ ವರ್ಷದ ಪತ್ರಿಕೆಯೊಂದು ನನ್ನದು. ನನ್ನದು ಎಂದರೆ ಪಠ್ಯಕ್ರಮ ಬರೆದದ್ದು ನಾನು, ಉದಾಹರಣೆಗಳು ನನ್ನವು, ಟಿಪ್ಪಣಿಯ ಫೈಲಿನ ಮೇಲೆ ಚೆಲ್ಲಿದ ಚಹಾದ ಕಲೆ ಕೂಡ ನನ್ನದೇ. ಆ ಪತ್ರಿಕೆಯನ್ನು ಬೇರೆ ಯಾರಾದರೂ ಕಲಿಸಬಹುದು ಎಂಬ ಯೋಚನೆ ನನಗೆ ಬಂದದ್ದೇ ಇಲ್ಲ, ನಮ್ಮ ವಿಭಾಗದ ಮುಖ್ಯಸ್ಥರು ಒಂದು ಮಧ್ಯಾಹ್ನ ತಮ್ಮ ಕೋಣೆಗೆ ಕರೆಯುವವರೆಗೆ.

ಅವರ ಎದುರಿಗೆ ವಿದ್ಯಾರ್ಥಿಗಳ ಅಭಿಪ್ರಾಯಗಳ ಹಾಳೆ ಇತ್ತು.

“ಮೇಡಂ ತುಂಬಾ ಚೆನ್ನಾಗಿ ಮಾತಾಡುತ್ತಾರೆ,” ಎಂದು ಓದಿದರು. “ಇದು ಹೊಗಳಿದ್ದು ಅಂತ ಎರಡು ಸೆಮಿಸ್ಟರ್ ನಾನೂ ಎಣಿಸಿದೆ. ಈ ಸಲ ಕೆಳಗೆ ಇನ್ನೊಂದು ಉಂಟು ನೋಡಿ.”

ನೋಡಿದೆ. ‘ನಾವು ಬಾರದಿದ್ದರೂ ಪಾಠ ನಡೆಯುತ್ತದೆ’ ಎಂದು ಯಾರೋ ಬರೆದಿದ್ದರು. ಅಕ್ಷರ ಚೆಂದ ಇತ್ತು.

“ನೋಡಿ ಮೇಡಂ,” ಎಂದರು ಮುಖ್ಯಸ್ಥರು. ಅವರು ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿರುತ್ತಾರೆ. “ಹೊಸದಾಗಿ ಸೇರಿದ ಆ ಟೀಚರ್ ಇದ್ದಾರಲ್ಲ, ವಿದ್ಯಾರ್ಥಿಕೇಂದ್ರಿತ ಬೋಧನೆ ಎಲ್ಲ ಕಲಿತೇ ಬಂದಿದ್ದಾರೆ. ಮುಂದಿನ ಸಲ ಈ ಪೇಪರ್ ಅವರಿಗೆ ಕೊಡುವ ಅಂತ ಮೇಲಿನವರು ಹೇಳ್ತಿದ್ದಾರೆ. ನಾನು ಹೇಳಿದೆ, ನಿಮಗೆ ಒಂದು ಅವಕಾಶ ಕೊಡುವ ಅಂತ. ಐದು ದಿನದ ತರಬೇತಿ ಉಂಟು, ಹೋಗಿ. ಕೊನೆಗೆ ತರಬೇತುದಾರರು ಬಂದು ನಿಮ್ಮ ಒಂದು ಕ್ಲಾಸ್ ನೋಡ್ತಾರೆ. ಅವರು ಆಗ್ತದೆ ಅಂದರೆ ಪೇಪರ್ ನಿಮ್ಮದೇ.”

“ಆಗುವುದಿಲ್ಲ ಅಂದರೆ?”

ಮುಚ್ಚಳ ಟಕ್ಕೆಂದು ಕೂತಿತು.

ತರಬೇತಿಯ ಸಭಾಂಗಣದಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟಿದ್ದರು. ಒಳಗೆ ಬಂದ ಪ್ರಾಧ್ಯಾಪಕರೆಲ್ಲ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಹಿಂದಿನ ಸಾಲು ಯಾವುದೆಂದು ತಿಳಿಯಲಿಲ್ಲ. ವೃತ್ತದಲ್ಲಿ ಹಿಂದಿನ ಸಾಲೇ ಇರುವುದಿಲ್ಲ ಎಂಬುದು ಅರ್ಥವಾದಾಗ ಹಲವರ ಮುಖ ಬಾಡಿತು. ನನ್ನ ಪಕ್ಕದಲ್ಲಿ ಹಿರಿಯಡ್ಕದಿಂದ ಬರುವ ಭೌತಶಾಸ್ತ್ರದ ಸಹೋದ್ಯೋಗಿ ಕೂತರು. ನಾವು ಒಂದೇ ವರ್ಷ ಕೆಲಸಕ್ಕೆ ಸೇರಿದವರು.

“ಊಟ ಇವರದ್ದಾ, ನಾವೇ ಕ್ಯಾಂಟೀನಿಗೆ ಹೋಗುವುದಾ?” ಎಂದು ಮೊದಲ ಪ್ರಶ್ನೆ ಕೇಳಿದವರು ಅವರೇ. ತರಬೇತುದಾರರು ಅದನ್ನು ಗೋಡೆಯ ಮೇಲಿನ ಚಾರ್ಟಿನಲ್ಲಿ, ‘ನಮ್ಮ ಪ್ರಶ್ನೆಗಳು’ ಎಂಬ ತಲೆಬರಹದ ಕೆಳಗೆ, ಗಂಭೀರವಾಗಿ ಬರೆದರು.

ತರಬೇತುದಾರರು ಕಾರ್ಕಳದವರು, ನನಗಿಂತ ಹತ್ತು ವರ್ಷ ಚಿಕ್ಕ ಹೆಂಗಸು. ಧ್ವನಿ ಎಷ್ಟು ಮೆಲ್ಲಗೆಂದರೆ ನಾವೇ ಸುಮ್ಮನಾಗಿ ಕಿವಿಗೊಡಬೇಕು. ಅದೂ ಒಂದು ತಂತ್ರ ಎಂದು ನನಗೆ ಮೂರನೇ ದಿನ ಹೊಳೆಯಿತು. ಮೊದಲ ದಿನವೇ ಅವರು ಹೇಳಿದ್ದು: “ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಅಷ್ಟರವರೆಗೆ ಬಾಯಿ ತೆರೆಯಬೇಡಿ.”

ಇದರಲ್ಲಿ ಎಂತ ಕಷ್ಟ ಎಂದು ನಾವೆಲ್ಲ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಪ್ರಯತ್ನಿಸಿದೆವು. ಭೌತಶಾಸ್ತ್ರದವರು “ಬೆಳಕು ಬಾಗುತ್ತದೆಯೇ?” ಎಂದು ಕೇಳಿ ನಾಲ್ಕು ಎಣಿಸುವಷ್ಟರಲ್ಲಿ, “ಬಾಗುತ್ತದೆ, ಯಾಕೆಂದರೆ,” ಎಂದು ಶುರುಮಾಡಿ ಐದು ನಿಮಿಷ ಮಾತಾಡಿದರು. ನಾನು ತುಳುವಿನಲ್ಲಿ ಎಣಿಸಿದೆ. ಒಂಜಿ, ರಡ್ಡ್, ಮೂಜಿ ಎಂದರೆ ಸ್ವಲ್ಪ ನಿಧಾನವಾಗುತ್ತದೆ ಎಂದು ನನ್ನ ಲೆಕ್ಕ. ಆರಕ್ಕೆ ತಲುಪುವಾಗ ಕುತ್ತಿಗೆಯ ಹಿಂದೆ ಬೆವರು. ತರಗತಿಯ ಮೌನ ನನಗೆ ಉರಿಯುವ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ. ಏನಾದರೂ ಹಾಕದೆ ಇರಲು ಆಗುವುದಿಲ್ಲ.

ಎರಡನೇ ದಿನ ಅವರು ಒಂದು ಹಾಳೆ ಹಂಚಿದರು. ಅದರಲ್ಲಿ ಅರ್ಧ ನಿಮಿಷಕ್ಕೊಂದು ಚೌಕ. ಆ ಹೊತ್ತಿಗೆ ಶಿಕ್ಷಕರು ಮಾತಾಡುತ್ತಿದ್ದರೆ ‘ಶಿ’, ವಿದ್ಯಾರ್ಥಿಗಳಾದರೆ ‘ವಿ’, ಯಾರೂ ಮಾತಾಡದಿದ್ದರೆ ‘ಮೌ’. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಗುರುತು ಹಾಕಬೇಕು, ಉಳಿದವರು ವಿದ್ಯಾರ್ಥಿಗಳಾಗಬೇಕು. ನಾನು ಇಪ್ಪತ್ತು ನಿಮಿಷ ಪಾಠ ಮಾಡಿ, ಬಹಳ ಸಂಯಮ ತೋರಿಸಿದೆ ಎಂಬ ತೃಪ್ತಿಯಿಂದ ಕೂತೆ.

“ಎಷ್ಟು ಆಗಿರಬಹುದು ಅಂತ ನಿಮಗೆ ಅನ್ನಿಸ್ತದೆ?” ಎಂದು ಕೇಳಿದರು ತರಬೇತುದಾರರು.

“ಅರ್ಧಕ್ಕರ್ಧ,” ಎಂದೆ.

ಭೌತಶಾಸ್ತ್ರದವರು ಹಾಳೆ ಎತ್ತಿ ತೋರಿಸಿದರು. ನಲವತ್ತು ಚೌಕಗಳಲ್ಲಿ ಮೂವತ್ತಾರು ‘ಶಿ’, ನಾಲ್ಕು ‘ವಿ’. ಮೌನ ಇಲ್ಲವೇ ಇಲ್ಲ. ಒಂದು ‘ವಿ’ಯ ಪಕ್ಕ ಕಂಸದಲ್ಲಿ ‘ಯಾರೋ ಸೀನಿದ್ದು’ ಎಂದು ಬರೆದಿದ್ದರು.

“ಸೀನನ್ನೂ ನಿಮ್ಮ ಪರವಾಗಿ ಹಾಕಿದೆ ಮಾರಾಯ್ರೆ, ಇನ್ನೆಂತ ಮಾಡ್ಲಿ?” ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಹಾಳೆಯನ್ನು ಚೀಲದಿಂದ ಎರಡು ಸಲ ತೆಗೆದು ನೋಡಿದೆ. ಆ ಇಪ್ಪತ್ತು ನಿಮಿಷ ಮುಗಿದು ಕಾಲು ಗಂಟೆಯೂ ಆಗಿರಲಿಲ್ಲ, ನನ್ನ ನೆನಪು ಅಷ್ಟರಲ್ಲೇ ಅದನ್ನು ತಿದ್ದಿಟ್ಟಿತ್ತು. ಹಾಗಾದರೆ ಹದಿನಾಲ್ಕು ವರ್ಷವನ್ನು ಎಷ್ಟು ತಿದ್ದಿರಬಹುದು? ಈ ಪ್ರಶ್ನೆ ಕೇಳಿಕೊಂಡವಳು ಬುದ್ಧಿವಂತಳಾಗಿದ್ದರೆ ಅಲ್ಲೇ ಸುಧಾರಿಸುತ್ತಿದ್ದಳು. ನಾನು ಬೇರೆ ದಾರಿ ಹಿಡಿದೆ. ಪತ್ರಿಕೆ ಕೈತಪ್ಪುತ್ತದೆ ಎಂಬ ಹೆದರಿಕೆ ಬುದ್ಧಿಗಿಂತ ಚುರುಕಾಗಿ ಕೆಲಸ ಮಾಡುತ್ತದೆ.

ಪರೀಕ್ಷೆಗೆ ಮೊದಲು ಪಾಠ ಮುಗಿಸುವುದು, ಅತಿಥಿಗಳು ಬರುವ ಮೊದಲು ಪ್ರಯೋಗಾಲಯ ಗುಡಿಸುವುದು, ತಪಾಸಣೆಯ ತಂಡ ಬರುವ ಮೊದಲು ಮಕ್ಕಳಿಗೆ ಉತ್ತರ ಹೇಳಿಕೊಡುವುದು, ಇವೆಲ್ಲ ನಮ್ಮ ಕೈಗೆ ಅಭ್ಯಾಸವಾಗಿ ಹೋಗಿವೆ. ವಿದ್ಯಾರ್ಥಿಗಳು ತಾವಾಗಿಯೇ ಮಾತಾಡುವ ತರಗತಿ ಬೇಕು ಎಂದರೆ ನಾನು ಎಂತ ಮಾಡಬಹುದು? ತಾಲೀಮು ಮಾಡಿಸಿದೆ.

ನನ್ನ ತರಗತಿ ನೋಡಲು ತರಬೇತುದಾರರು ಬರುವ ಹಿಂದಿನ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಎಂಟು ಮಂದಿ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದೆ. ಗೋಳಿಬಜೆ ತರಿಸಿ, ಚಿಕ್ಕ ಚಿಕ್ಕ ಚೀಟಿಗಳನ್ನು ಹಂಚಿದೆ. ಪ್ರತಿ ಚೀಟಿಯಲ್ಲೂ ಒಂದು ಸಮಯ, ಒಂದು ಮಾತು.

“ನೀನು ಆರನೇ ನಿಮಿಷದಲ್ಲಿ ಒಂದು ಸಂಶಯ ಕೇಳಬೇಕು,” ಎಂದು ಅಲೆವೂರಿನ ಹುಡುಗನಿಗೆ ಹೇಳಿದೆ.

“ಎಂತ ಸಂಶಯ ಮೇಡಂ?”

“ಚೀಟಿಯಲ್ಲಿ ಉಂಟು.”

ಅವನು ಓದಿದ. “ಸರಾಸರಿ ಇರುವಾಗ ಮಧ್ಯಾಂಕ ಯಾಕೆ ಬೇಕು? ಮೇಡಂ, ಇದು ನನಗೆ ಗೊತ್ತುಂಟು. ಸಾಲಾಗಿ ಇಟ್ಟರೆ ನಡುವೆ ಬರುವುದು ಮಧ್ಯಾಂಕ. ಒಂದೆರಡು ತೀರಾ ದೊಡ್ಡದು ಬಂದರೂ ಅದು ಅಲುಗುವುದಿಲ್ಲ.”

“ನಾಳೆ ಗೊತ್ತಿರಬಾರದು.”

“ಎಂತ ಕತೆ ಮೇಡಂ! ಗೊತ್ತಿಲ್ಲದಿದ್ದಾಗ ಬೈತೀರಿ, ಗೊತ್ತಿದ್ದರೂ ಬೈತೀರಿ.”

ಒಂಬತ್ತನೇ ನಿಮಿಷದಲ್ಲಿ ಉತ್ತರ ಹೇಳುವ ಕೆಲಸ ತರಗತಿಗೇ ಮೊದಲಿಗಳಾದ ಹುಡುಗಿಗೆ. ಹನ್ನೊಂದನೇ ನಿಮಿಷದಲ್ಲಿ ಯಾರಾದರೂ ತಪ್ಪು ಉತ್ತರ ಹೇಳಬೇಕಿತ್ತು. ತಪ್ಪು ಮಾಡಲು ಹೆದರದ ವಾತಾವರಣ ಇರಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲ. ಮೊದಲಿಗಳಾದ ಹುಡುಗಿಗೆ ಅದನ್ನೂ ನೀನೇ ಹೇಳು ಎಂದದ್ದಕ್ಕೆ ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಿಂದಿನ ಬೆಂಚಿನ ಒಬ್ಬ ಮುಂದೆ ಬಂದ. “ನಾನು ಹೇಳ್ತೇನೆ ಮೇಡಂ. ಬರೆದು ಕೊಡುವುದು ಬೇಡ, ನನಗೆ ಸ್ವಂತದ್ದು ಬರ್ತದೆ.”

ಉಚ್ಚಿಲದ ಹುಡುಗಿಗೆ ನಾನು ಕೊಟ್ಟದ್ದು ತಲೆಯಾಡಿಸುವ ಪಾತ್ರ. ಅವಳು ಸುಮ್ಮನಿರುವ ಹುಡುಗಿ ಎಂದಲ್ಲ. ಬಾಯಿ ತೆರೆದರೆ ಮುಚ್ಚುವುದಿಲ್ಲ ಎಂಬ ಕಾರಣಕ್ಕೆ. ಕ್ಯಾಂಟೀನಿನಲ್ಲಿ ಅವಳ ಮಾತು ಕೇಳಿ ಅಡುಗೆಯವರೇ ಹೊರಗೆ ಬಂದು ನಗುತ್ತಿದ್ದರು. ನಾಳೆ ಅವಳು ಎಲ್ಲಿಗೆ ಎಳೆದುಕೊಂಡು ಹೋಗುತ್ತಾಳೋ ಎಂಬ ಭಯ ನನಗೆ. ಮಕ್ಕಳಿಗೆ ಮಾತಾಡಲು ಬಿಡಬೇಕಾದ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳ ಬಾಯಿ ಕಟ್ಟಿದೆ. ಅದರಲ್ಲಿ ವಿಚಿತ್ರ ಏನಾದರೂ ಉಂಟು ಎಂದು ಆಗ ಅನ್ನಿಸಿತೇ? ದಿನಚರಿಯಲ್ಲಿ ‘ಸಿದ್ಧತೆ ಪೂರ್ಣ’ ಎಂದು ಮಾತ್ರ ಉಂಟು.

ಮರುದಿನ ತರಬೇತುದಾರರು ಹಿಂದಿನ ಬೆಂಚಿನಲ್ಲಿ ಹಾಳೆ ಹಿಡಿದು ಕೂತರು. ನಾನು ಶುರುಮಾಡಿದೆ.

ಪಾಠಕ್ಕೆ ಆರಿಸಿಕೊಂಡದ್ದು ನನ್ನ ಹೆಮ್ಮೆಯ ಉದಾಹರಣೆ. ಹನ್ನೊಂದು ವರ್ಷಗಳ ಹಿಂದೆ ನಾನೇ ಕಾಪುವಿನ ಮಾರ್ಕೆಟಿನಿಂದ ಬೂತಾಯಿ ಮೀನು ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಸ್ಕೇಲಿನಲ್ಲಿ ಅಳೆದು ಬರೆದ ಪಟ್ಟಿ. ಪ್ರತಿ ವರ್ಷವೂ ಸರಾಸರಿ ಕಲಿಸಿದ್ದು ಆ ಮೀನುಗಳಿಂದಲೇ. ನಲವತ್ತು ಮೀನು ಎಂದು ನನ್ನ ನೆನಪು. ಅತ್ತೆಯನ್ನು ಕೇಳಿದರೆ, “ನಲವತ್ತು ಎಲ್ಲಿಂದ? ಅರ್ಧ ಅಳೆಯುವಾಗಲೇ ನಾನು ಸಾರಿಗೆ ಹಾಕಿದ್ದೆ,” ಎನ್ನುತ್ತಾರೆ. ಪಟ್ಟಿಯಲ್ಲಿ ನಲವತ್ತು ಉಂಟು. ಯಾರನ್ನು ನಂಬುವುದೋ ಗೊತ್ತಿಲ್ಲ.

ಪೀಠಿಕೆಗೆ ಐದು ನಿಮಿಷ ಇಟ್ಟುಕೊಂಡಿದ್ದೆ. ಆದರೆ ಮೀನಿನ ಕತೆ ಹೇಳಲು ಹೊರಟರೆ ನನಗೆ ಐದು ನಿಮಿಷ ಎಲ್ಲಿಗೆ ಸಾಕು? ಮಾರ್ಕೆಟು, ಅಡುಗೆಮನೆ, ಅತ್ತೆಯ ಸಿಟ್ಟು, ಬೆಕ್ಕು. ಬೆಕ್ಕಿನ ಹತ್ತಿರ ಬಂದಾಗ ಅಲೆವೂರಿನ ಹುಡುಗ ಗೋಡೆಯ ಗಡಿಯಾರ ನೋಡಿ ಎದ್ದು ನಿಂತ.

“ಮೇಡಂ, ಸರಾಸರಿ ಇರುವಾಗ ಮಧ್ಯಾಂಕ ಯಾಕೆ ಬೇಕು?”

ಸರಾಸರಿ ಎಂಬ ಶಬ್ದ ಆವರೆಗೆ ನನ್ನ ಬಾಯಿಂದ ಬಂದಿರಲಿಲ್ಲ. ಮಧ್ಯಾಂಕವಂತೂ ದೂರವೇ ಉಳಿಯಿತು. ಚೀಟಿ ಸಿಗದ ಮಕ್ಕಳು ತಿರುಗಿ ಅವನನ್ನು ನೋಡಿದರು.

“ಅದು ಬರ್ತದೆ, ಕೂತುಕೋ,” ಎಂದೆ.

ಅವನು ಕೂರಲಿಲ್ಲ. ಮೇಡಂ ತಳ್ಳಿಹಾಕಿದರೆ ಮತ್ತೊಮ್ಮೆ ಕೇಳು ಎಂದು ಚೀಟಿಯಲ್ಲಿ ನಾನೇ ಬರೆದಿದ್ದೆ. “ಇಲ್ಲ ಮೇಡಂ, ನನಗೆ ನಿಜವಾಗಿಯೂ ಸಂಶಯ ಉಂಟು.”

ನಾನು ಬೆಕ್ಕನ್ನು ಬೇಗ ಬೇಗ ಮುಗಿಸುವಷ್ಟರಲ್ಲಿ ಒಂಬತ್ತು ನಿಮಿಷವಾಯಿತು. ಮೊದಲಿಗಳಾದ ಹುಡುಗಿ ಎದ್ದು ಮಧ್ಯಾಂಕದ ಉಪಯೋಗವನ್ನು ಒಂದೂ ತಪ್ಪಿಲ್ಲದೆ ಹೇಳಿ ಕೂತಳು. ಹನ್ನೊಂದಕ್ಕೆ ಹಿಂದಿನ ಬೆಂಚಿನವನು ಎದ್ದು, “ಮಧ್ಯಾಂಕ ಎಂದರೆ ನಡುವಿನ ಬೆಂಚಿನವರ ಅಂಕ,” ಎಂದ. ಸ್ವಂತದ್ದು ಎಂದದ್ದು ಸುಳ್ಳಲ್ಲ. ಒಬ್ಬರು ಒಪ್ಪಿದರು, ಒಬ್ಬರು ವಿರೋಧಿಸಿದರು, ಒಬ್ಬರು ಸಮಾಧಾನ ಮಾಡಿದರು. ಗಡಿಯಾರದ ಪ್ರಕಾರ ಇಡೀ ಚರ್ಚೆ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನಾನು ಬೋರ್ಡಿನ ಪಕ್ಕ ಬಸ್ಸು ತಪ್ಪಿದವಳ ಹಾಗೆ ನಿಂತಿದ್ದೆ. ಉಚ್ಚಿಲದ ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು, ವಿರೋಧಕ್ಕೂ ಕೂಡ.

ಹಿಂದೆ ತರಬೇತುದಾರರು ತಲೆ ಎತ್ತದೆ ಗುರುತು ಹಾಕುತ್ತಿದ್ದರು. ಎಲ್ಲ ‘ವಿ’ಗಳು. ಲೆಕ್ಕದಲ್ಲಿ ನೋಡಿದರೆ ಅಂಥ ತರಗತಿ ನನ್ನ ಜೀವನದಲ್ಲೇ ಆಗಿರಲಿಕ್ಕಿಲ್ಲ.

ಚೀಟಿಗಳು ಮುಗಿದವು. ಇನ್ನೂ ಅರ್ಧ ಗಂಟೆ ಬಾಕಿ. ನಾನು ಮೀನಿನ ಪಟ್ಟಿಯನ್ನು ಹಂಚಿ, “ಏನಾದರೂ ಸಂಶಯ?” ಎಂದು ಅಭ್ಯಾಸಬಲದಿಂದ ಕೇಳಿದೆ. ಅದು ನಾನು ಉತ್ತರ ಬಯಸದೆ ಕೇಳುವ ಪ್ರಶ್ನೆ. ಮಕ್ಕಳಿಗೂ ಗೊತ್ತು.

ತಲೆಯಾಡಿಸುವ ಹುಡುಗಿ ಕೈ ಎತ್ತಿದಳು.

“ಮೇಡಂ, ಈ ಮೀನು ತೆಗೆದದ್ದು ಯಾರು?”

“ನಾನೇ ಅಳೆದದ್ದು.”

“ಅಳೆದದ್ದು ಸರಿ ಮೇಡಂ. ಬುಟ್ಟಿಯಿಂದ ತೆಗೆದುಕೊಟ್ಟದ್ದು ಯಾರು?”

“ಮಾರುವವರು.”

“ಹಾಗಾದರೆ ಮೇಲಿನಿಂದ ತೆಗೆದದ್ದು.” ಅವಳು ಪಟ್ಟಿಯನ್ನು ಬೆಂಚಿನ ಮೇಲಿಟ್ಟಳು. “ನನ್ನ ಅಮ್ಮ ಉಚ್ಚಿಲದಲ್ಲಿ ಮೀನು ಮಾರ್ತಾರೆ ಮೇಡಂ. ದೊಡ್ಡದೆಲ್ಲ ಮೇಲೆ ಕಾಣುವ ಹಾಗೆ ಇಡುವುದು. ಚಿಕ್ಕದು ಅಡಿಯಲ್ಲಿ. ಎಲ್ಲರೂ ಹಾಗೇ ಇಡ್ತಾರೆ, ಅದರಲ್ಲಿ ಮೋಸ ಎಂತ ಇಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಅಡಿಯ ಮೀನೇ ಇಲ್ಲ. ಈ ಸರಾಸರಿ ಬುಟ್ಟಿಯದ್ದಲ್ಲ ಮೇಡಂ, ಬುಟ್ಟಿಯ ಮುಖದ್ದು.”

ಮಾದರಿಯನ್ನು ಆರಿಸುವಾಗ ಪಕ್ಷಪಾತ ಆಗಬಾರದು ಎಂಬುದು ಅದೇ ಪತ್ರಿಕೆಯ ನಾಲ್ಕನೇ ಅಧ್ಯಾಯ. ಅದನ್ನು ಬರೆದವಳು ನಾನು. ಅಧ್ಯಾಯ ಒಂದರಲ್ಲಿ ಹನ್ನೊಂದು ವರ್ಷ ಮೇಲಿನ ಮೀನಿನಿಂದಲೇ ಕಲಿಸಿ, ಅಧ್ಯಾಯ ನಾಲ್ಕರಲ್ಲಿ ಹಾಗೆ ಮಾಡಬಾರದು ಎಂದು ಹೇಳಿಕೊಂಡು ಬಂದಿದ್ದೆ. ಬಾಯಿ ತೆರೆದೆ. ಜೀವನದಲ್ಲಿ ಮೊದಲ ಬಾರಿಗೆ ಅಲ್ಲಿ ಹೇಳಲು ಏನೂ ಇರಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೋ ನನಗೆ ತಿಳಿಯದು. ಹಾಳೆಯಲ್ಲಿ ಎರಡು ‘ಮೌ’ ಇದ್ದದ್ದು ಮಾತ್ರ ಆಮೇಲೆ ನೋಡಿದೆ.

ತರಗತಿ ಮುಗಿದ ಮೇಲೆ ತರಬೇತುದಾರರು ನನ್ನ ಹತ್ತಿರ ಬಂದು, “ಒಳ್ಳೆಯ ಅಂಕಿಅಂಶ ಬಂದಿದೆ,” ಎಂದಷ್ಟೇ ಹೇಳಿ, ಕಾರ್ಕಳದ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಹೊಗಳಿದರೋ ಚುಚ್ಚಿದರೋ ಅವರ ಮೆಲ್ಲಗಿನ ಧ್ವನಿಯಲ್ಲಿ ಗೊತ್ತಾಗಲಿಲ್ಲ.

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ‘ನನ್ನ ತರಗತಿಯ ಬಗ್ಗೆ ನನ್ನ ಚಿಂತನೆ’ ಎಂದು ಒಂದು ಪುಟ ಬರೆದುಕೊಡಬೇಕು. ಪತ್ರಿಕೆ ಉಳಿಸಿಕೊಳ್ಳಲು ಬೇಕಾದದ್ದೆಲ್ಲ ಹಾಳೆಯಲ್ಲಿ ಇತ್ತು. ನಾನು ಮೂರು ವಾಕ್ಯ ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬರೆಯಲು ಕೂತಾಗ ಕೈ ಓಡಲಿಲ್ಲ. ಆ ಹುಡುಗಿ ಬುಟ್ಟಿಯ ಮುಖದ ಬಗ್ಗೆ ಹೇಳಿದ್ದು ನನ್ನ ತರಗತಿಗೂ ಸಲ್ಲುತ್ತಿತ್ತು. ಎಂಟು ಚೀಟಿಗಳ ಬಗ್ಗೆಯೂ ಬರೆದೆ. ಯಾವ ನಿಮಿಷದಲ್ಲಿ ಯಾರು, ತಪ್ಪು ಉತ್ತರ ಯಾರದ್ದು, ತಲೆಯಾಡಿಸಲು ಹೇಳಿದ್ದು ಯಾರಿಗೆ, ಯಾಕೆ, ಎಲ್ಲವನ್ನೂ. ಇದನ್ನು ಧೈರ್ಯ ಎಂದು ಬರೆದುಕೊಳ್ಳುವ ಆಸೆ ನನಗೆ ಉಂಟು. ಆದರೆ ತರಬೇತುದಾರರಿಗೆ ಹೇಗೂ ಗೊತ್ತಾಗಿದೆ ಎಂಬ ಅನುಮಾನವೂ ಇತ್ತು. ಎರಡರಲ್ಲಿ ಯಾವುದು ಎಷ್ಟು ಎಂದು ಅಳೆಯಲು ಸ್ಕೇಲು ಇಲ್ಲ.

ಮುಖ್ಯಸ್ಥರು ಕರೆದರು. ಎದುರಿಗೆ ನಾನು ಬರೆದ ಪುಟ, ಕೈಯಲ್ಲಿ ಪೆನ್ನಿನ ಮುಚ್ಚಳ.

“ಎಂತ ಮಾರಾಯ್ರೆ, ಯಾರಾದರೂ ಇದನ್ನೆಲ್ಲ ಬರೆದು ಕೊಡ್ತಾರಾ?”

“ನಡೆದದ್ದು ಸರ್.”

“ನಡೆಯುವುದು ಬೇರೆ, ಬರೆಯುವುದು ಬೇರೆ. ಈಗ ನಾನು ನಿಮಗೆ ಪೇಪರ್ ಕೊಡುವುದು ಹೇಗೆ?” ಸ್ವಲ್ಪ ಹೊತ್ತು ಮುಚ್ಚಳ ತಿರುಗಿಸಿದರು. “ತರಬೇತುದಾರರು ಇನ್ನೊಂದು ಸಲ ನೋಡ್ತೇನೆ ಅಂತ ಹೇಳಿದ್ದಾರೆ. ಮುಂದಿನ ಗುರುವಾರ. ಇದೇ ಕೊನೆ. ಚೀಟಿ ಗೀಟಿ ಎಲ್ಲ ಬೇಡ.”

ಹೊರಗೆ ಭೌತಶಾಸ್ತ್ರದವರು ಕಾಯುತ್ತಿದ್ದರು. ನಾನು ಬರೆದ ಪುಟದ ಸುದ್ದಿ ಅಷ್ಟರಲ್ಲೇ ಅವರಿಗೆ ಮುಟ್ಟಿತ್ತು.

“ನೀವು ಚೀಟಿ ಕೊಟ್ಟಿರಾ? ಛೆ. ನಾನು ಬಾಯಿಪಾಠವೇ ಮಾಡಿಸಿದ್ದೆ. ಚೀಟಿ ಸಾಕ್ಷಿ ಆಗ್ತದಲ್ವಾ!”

ಗುರುವಾರಕ್ಕೆ ನಾನು ಮಾಡಿದ ಸಿದ್ಧತೆ ಒಂದೇ. ಉಚ್ಚಿಲದ ಹುಡುಗಿಯ ಅಮ್ಮನಿಂದ ಒಂದು ಬುಟ್ಟಿ ಬೂತಾಯಿಯನ್ನು ಹಾಗೆಯೇ, ಯಾರೂ ಮುಟ್ಟದೆ, ತೆಗೆದುಕೊಂಡದ್ದು. ಆ ತಾಯಿ ಬುಟ್ಟಿಯನ್ನೂ ನನ್ನನ್ನೂ ನೋಡಿ, “ಟೀಚರ್, ಮನೆಯಲ್ಲಿ ಎಂತ ವಿಶೇಷ?” ಎಂದು ಕೇಳಿದರು. “ಕ್ಲಾಸಿಗೆ,” ಎಂದದ್ದಕ್ಕೆ ಮಗಳ ಕಡೆ ತಿರುಗಿ, “ಕಾಲೇಜಿಗೆ ಕಳಿಸಿದರೂ ಮೀನು ಬಿಡಲಿಲ್ಲವಲ್ಲ ನಿನ್ನನ್ನು,” ಎಂದರು. ಬಸ್ಸಿನಲ್ಲಿ ಬುಟ್ಟಿ ಹತ್ತಿಸುವುದಿಲ್ಲ ಎಂದು ಗಂಡನ ಕಾರಿನಲ್ಲಿ ತಂದೆವು. ಅವರು ಮಣಿಪಾಲದವರೆಗೂ ಕಿಟಕಿ ತೆರೆದು, ಒಂದೂ ಮಾತಾಡದೆ ಓಡಿಸಿದರು. ತರಬೇತಿಗೆ ಹೋದವಳು ನಾನು, ಮೌನ ಬಂದದ್ದು ಅವರಿಗೆ.

ಮೀನು ತಿನ್ನದ ಮನೆಯ ತರಬೇತುದಾರರು ಮೂಗಿಗೆ ದುಪಟ್ಟಾ ಒತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಇನ್ನೊಂದು ಕೈಯಲ್ಲಿ ಹಾಳೆ. ನಾನು ಬುಟ್ಟಿಯ ಪಕ್ಕ ಒಂದು ಖಾಲಿ ಟಬ್ ಇಟ್ಟು, ಬೋರ್ಡಿನ ಮೇಲೆ ‘ಈ ಬುಟ್ಟಿಯ ಬೂತಾಯಿ ಎಷ್ಟು ಉದ್ದ?’ ಎಂದು ಬರೆದು ಪಕ್ಕಕ್ಕೆ ಸರಿದೆ. ಒಂಜಿ, ರಡ್ಡ್. ಯಾರೂ ಮಾತಾಡಲಿಲ್ಲ. ಮಕ್ಕಳು ನನ್ನನ್ನು ನೋಡಿದರು. ಎಂದಿನ ಹಾಗೆ ನಾನೇ ಉತ್ತರ ಹೇಳುತ್ತೇನೆಂದು ಕಾಯುತ್ತಿದ್ದರು. ಆರು ದಾಟಿತು. ಎಂಟಕ್ಕೆ ನಾನು ಕಿಟಕಿಯ ಹೊರಗೆ ನೋಡಿದೆ. ಹತ್ತೂ ದಾಟಿ ಮತ್ತೆ ಒಂಜಿಗೆ ಬಂದೆ.

“ಬುಟ್ಟಿಯನ್ನು ಕೈಹಾಕಿ ಕಲಸುವ,” ಎಂದ ಕೊನೆಗೆ ಅಲೆವೂರಿನ ಹುಡುಗ.

“ಕಲಸಿದರೆ ಹೊಟ್ಟೆ ಒಡೀತದೆ ಮಾರಾಯ, ಅದೆಂತ ಅವಲಕ್ಕಿಯಾ?” ಎಂದಳು ಉಚ್ಚಿಲದವಳು.

“ಎಲ್ಲ ಮೀನಿಗೂ ನಂಬರ್ ಹಾಕಿ, ಚೀಟಿ ಎತ್ತಬೇಕು,” ಎಂದಳು ಮೊದಲಿಗಳಾದ ಹುಡುಗಿ, ಪುಸ್ತಕ ನೋಡಿಕೊಂಡು.

“ನಂಬರ್ ಸಾಕಾ? ಆಧಾರ್ ಕಾರ್ಡೂ ಮಾಡಿಸು,” ಎಂದ ಹಿಂದಿನ ಬೆಂಚಿನವನು. ನಂತರ ಅವನೇ ಎದ್ದು ಬಂದು ಬುಟ್ಟಿಯನ್ನು ಸುತ್ತಿ ನೋಡಿದ. “ಒಂದು ಕೆಲಸ ಮಾಡುವ. ಮೇಲಿನಿಂದ ಒಂದೊಂದೇ ತೆಗೆದು ಆ ಟಬ್ಬಿಗೆ ಹಾಕುವ. ಪ್ರತಿ ಹತ್ತನೆಯದ್ದನ್ನು ಮಾತ್ರ ಅಳೆಯುವ. ಅಡಿಯವರೆಗೂ ಹೋಗ್ತದಲ್ಲ.”

ಅದಕ್ಕೆ ಒಂದು ಹೆಸರು ಉಂಟು. ಆ ಹೆಸರಿನ ಮೇಲೆ ನನ್ನ ಟಿಪ್ಪಣಿಯಲ್ಲಿ ಎರಡು ಪುಟ ಉಂಟು. ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಡಸ್ಟರ್ ಹಿಡಿದಿದ್ದ ಕೈಯಿಂದಲೇ ಬಾಯಿ ಮುಚ್ಚಿಕೊಂಡೆ. ಮೂಗು ಬಿಳಿಯಾಯಿತು. ಹಿಂದಿನ ಬೆಂಚಿನಲ್ಲಿ ದುಪಟ್ಟಾದ ಮರೆಯಲ್ಲಿ ತರಬೇತುದಾರರ ಭುಜ ಅಲುಗುತ್ತಿತ್ತು. ನಗುತ್ತಿದ್ದರು ಎಂದು ನನ್ನ ನಂಬಿಕೆ. ವಾಸನೆಗೆ ಕೆಮ್ಮಿದ್ದೂ ಇರಬಹುದು.

ಅಳತೆ ಶುರುವಾದ ಮೇಲೆ ಬಾಲದ ತುದಿಯವರೆಗೆ ಅಳೆಯುವುದೋ, ಬಾಲ ಕವಲೊಡೆಯುವಲ್ಲಿಗೆ ನಿಲ್ಲಿಸುವುದೋ ಎಂದು ಜಗಳವಾಯಿತು. ತರಗತಿ ಎರಡು ಪಕ್ಷವಾಯಿತು. ಪಕ್ಕದ ಕೋಣೆಯವರು ಬಂದು, “ಎಂತ ಗಲಾಟೆ, ಎಂತ ವಾಸನೆ?” ಎಂದು ಎರಡು ದೂರುಗಳನ್ನು ಒಟ್ಟಿಗೆ ಕೊಟ್ಟು ಹೋದರು. ಗಂಟೆ ಬಾರಿಸುವಾಗ ಮೀನು ಅರ್ಧ ಟಬ್ಬಿನಲ್ಲಿ, ಅರ್ಧ ಬುಟ್ಟಿಯಲ್ಲಿ. ಬೋರ್ಡಿನ ಮೇಲಿನ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ.

ತರಬೇತುದಾರರ ಹಾಳೆ ಸೋಮವಾರ ಮುಖ್ಯಸ್ಥರ ಮೇಜಿನ ಮೇಲಿತ್ತು. ಅದರ ಕೆಳಗೆ ಒಂದೇ ಸಾಲು: ‘ಪಾಠ ಮುಗಿಯಲಿಲ್ಲ.’

“ಇದರ ಅರ್ಥ ಪಾಸಾ, ಫೇಲಾ?” ಎಂದು ಮುಖ್ಯಸ್ಥರು ನನ್ನನ್ನೇ ಕೇಳಿದರು. ಆಮೇಲೆ ಅಲ್ಲೇ ತರಬೇತುದಾರರಿಗೆ ಫೋನ್ ಮಾಡಿದರು. ಆ ಕಡೆಯ ಮೆಲ್ಲಗಿನ ಧ್ವನಿ ನನಗೆ ಕೇಳಿಸಲಿಲ್ಲ, ಮುಖ್ಯಸ್ಥರ “ಹೌದಾ? ಹೌದಾ? ಹಾಗಾ?” ಮಾತ್ರ ಕೇಳಿಸಿತು. ಫೋನ್ ಇಟ್ಟು, ಮುಚ್ಚಳವನ್ನು ಪೆನ್ನಿಗೆ ಹಾಕಿ, ಪೆನ್ನನ್ನು ಕಿಸೆಗೆ ಹಾಕಿದರು.

“ಪೇಪರ್ ನಿಮಗೇ ಅಂತೆ. ಆದರೆ ಮೇಡಂ, ದಯವಿಟ್ಟು, ಮೀನು ಬೇಡ.”

ಆ ದಿನ ಕಾರಿಡಾರಿನಲ್ಲಿ ಉಚ್ಚಿಲದ ಹುಡುಗಿಗೆ ಸುದ್ದಿ ಹೇಳಿದೆ. ಖುಷಿಪಡುತ್ತಾಳೆಂದು ಎಣಿಸಿದ್ದೆ. ಅವಳು ಹುಬ್ಬು ಗಂಟಿಕ್ಕಿದಳು.

“ಹಿಂದಿನ ಬ್ಯಾಚಿನವರಿಗೆ ಯಾರು ಹೇಳುವುದು ಮೇಡಂ?”

“ಎಂತ ಹೇಳುವುದು?”

“ಅವರ ಬೂತಾಯಿ ಲೆಕ್ಕ ತಪ್ಪು ಅಂತ.”

ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪೊಂದು ಉಂಟು. ಹಬ್ಬದ ಶುಭಾಶಯ ಬಿಟ್ಟರೆ ಅದರಲ್ಲಿ ಬೇರೆ ಏನೂ ಬರುವುದಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಬರೆದೆ. ನಾನು ಕೊಟ್ಟ ಮೀನಿನ ಪಟ್ಟಿ ಬುಟ್ಟಿಯ ಮೇಲ್ಭಾಗದ್ದು ಮಾತ್ರ, ಆ ಸರಾಸರಿಯನ್ನು ನಂಬಬೇಡಿ, ಕ್ಷಮಿಸಿ ಎಂದು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಮೊದಲ ಉತ್ತರ ಬಂತು. ಈಗ ಬ್ಯಾಂಕಿನಲ್ಲಿ ಕೆಲಸ ಮಾಡುವ, ಮಲ್ಪೆ ಕಡೆಯ ಹುಡುಗ. ಅವನ ಮುಖ ನನಗೆ ಎಷ್ಟು ಪ್ರಯತ್ನಿಸಿದರೂ ನೆನಪಾಗಲಿಲ್ಲ.

‘ನಮಗೆ ಆಗಲೇ ಗೊತ್ತಿತ್ತು ಮೇಡಂ. ನೀವು ಮಾತಾಡ್ತಾ ಇದ್ರಿ.’

ಅದರ ಕೆಳಗೆ ಐದಾರು ಮಂದಿಯ ನಗುವ ಮುಖಗಳು ಬಿದ್ದವು. ನಾನು ಉದ್ದನೆಯ ವಿವರಣೆ ಬರೆಯತೊಡಗಿದೆ. ಆ ಕಾಲದ ಪಠ್ಯಕ್ರಮ, ಸಮಯದ ಅಭಾವ, ತರಗತಿಯ ಗಾತ್ರ. ಪೂರ್ತಿ ಅಳಿಸಿದೆ. ‘ಇನ್ನು ಎಂತೆಲ್ಲ ಗೊತ್ತಿತ್ತು?’ ಎಂದು ಮಾತ್ರ ಕೇಳಿ, ಫೋನನ್ನು ಮಡಿಲಲ್ಲಿಟ್ಟುಕೊಂಡೆ. ಕಾಪು ಬರುವಷ್ಟರಲ್ಲಿ ಅದು ಹದಿನೇಳು ಸಲ ಅದುರಿತು. ಎಣಿಸಿದ್ದೇನೆ, ಇದು ಮಾತ್ರ ನೆನಪಿನಿಂದ ಬರೆದದ್ದಲ್ಲ.